ಅಸ್ತರ

ನಲವತ್ತೊಂದು ವರ್ಷ ಮಂದಿ ನಡಾ ಅಳದೀನಿ.
ಹೊಟ್ಟಿ ಒಳಗ ಎಳಕೊಂಡು ನಿಂತವರಿಗೆ
"ಉಸುರು ಬಿಡ್ರಿ" ಅಂತ ಹೇಳಿ, ಬಿಟ್ಟ ಮ್ಯಾಲ ಟೇಪು ಹಿಡದೀನಿ.
ಮೂವತ್ತೆಂಟು ಅಂದವರ ನಡಾ ನಲವತ್ತೊಂದು ಇರತೈತಿ,
ಸಿಂಪಿಗ್ಯಾರ ಕಸಬಿನ್ಯಾಗ ಇದು ಮೊದಲನೇ ಪಾಠ.

ಆವತ್ತು ಟಾಂಗಾಕೂಟದ ಮೆಡಿಕಲ್ ಅಂಗಡ್ಯಾಗ
"ಸೈಜ್ ಎಷ್ಟ್ರಿ ಕಾಕಾ?" ಅಂತ ಹುಡುಗ ಒದರಿದಾಗ
ನನ್ನ ನಡಾ ನನಗ ನೆನಪಾಗಲಿಲ್ಲ.
ಬಾಜೂಕ ಕೆಮ್ಮಿನ ಔಷಧಕ್ಕ ನಿಂತಾಕಿ
ಮಾರಿ ಆ ಕಡೆ ತಿರುವಿದ್ಲು, ಪುಣ್ಯಾತಗಿತ್ತಿ.
"ಎಲ್" ಅಂದೆ.
ಗಿರಾಕಿಗೋಳು ಸಣ್ಣ ಕಾಣಾಕ ಸುಳ್ಳು ಹೇಳತಿದ್ರು,
ನಾ ಹೇಳಿದ್ದು ದೊಡ್ಡದರಾಗ ಅಡಗಾಕ.

ಹುಬ್ಬಳ್ಳಿ ದವಾಖಾನ್ಯಾಗ ಗ್ರಂಥಿ ತಗದು ಮೂರು ತಿಂಗಳು.
"ಹಂಗ ಹಂಗ ಕಡಿಮಿ ಆಕ್ಕೈತಿ" ಅಂದಿದ್ರು ಡಾಕ್ಟರು.
ಹಂಗ ಹಂಗ ಅಂದ್ರ ಎಷ್ಟು ಗಜ ಅಂತ
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ಶಟರ್ ಅರ್ಧ ಇಳಿಸಿ
ಕತ್ತರಸೋ ಮೇಜಿನ ಮ್ಯಾಲ ಒಂದನ್ನ ಬಿಚ್ಚಿ ಹಾಸಿದೆ,
ಮದುವಿ ಸೂಟಿನ ಬಟ್ಟಿ ಹಾಸಿದಂಗ.
ತೊಡಿಗೆ ಎರಡು ಸಾಲು ಇಲಾಸ್ಟಿಕ್,
ನಡುವ ದಪ್ಪ, ಅಂಚಿಗೆ ತೆಳ್ಳಗ,
ಒಂದು ಟಾಕಿ ಇಲ್ಲ, ಎಲ್ಲಾ ಅಂಟು.
ಮಾಡಿದಾಂವಗ ಕೈ ಐತಿ ಅನಿಸ್ತು.
ತಪ್ಪು ಅವಂದಲ್ಲ. ತೊಡಿ ಹತ್ರ ಎರಡು ಬೆರಳು ಹೋಗೂವಷ್ಟು ಸಡ್ಲ,
ಅಲ್ಲೇ ಸೋರತಿತ್ತು.
ಟೇಪು ತಗೊಂಡು ಕನ್ನಡಿ ಮುಂದ ನಿಂತು
ನನಗ ನಾನ ಹೇಳಿದೆ: ಉಸುರು ಬಿಡು.
ಮರುದಿನ ಬೆಟಗೇರಿ ತನಕ ಹೋಗಿ
ಗುರುತಿಲ್ಲದ ಅಂಗಡ್ಯಾಗ "ಎಂ" ಅಂದೆ.

ಹಗಲು ಸುಧಾರಿಸ್ತು. ರಾತ್ರಿಗೆ ಒಂದು ಸಾಲತಿರಲಿಲ್ಲ.
ನಸುಕಿನ್ಯಾಗ ಇಂದೂಬಾಯಿ ಚಾದರ ಹಿಂಡೂ ಸಪ್ಪಳ ಕೇಳಿ
ನಿದ್ದಿ ಬಂದಾಂವನಂಗ ಮಲಗತಿದ್ದೆ.
ಒಂದಿನ ಆಕಿನ ಅಂದ್ಲು:
"ಕೋಟಿಗೆ ಅಸ್ತರ ಹಾಕೂದಿಲ್ಲೇನು? ಇದಕ್ಕೂ ಒಂದು ಹಾಕ್ರಿ."

ಹಾಕಿದೆ, ತಳಕ್ಕ ಪ್ಲಾಸ್ಟಿಕ್ ಇದ್ದದ್ದು.
ಮ್ಯಾಲಿಂದು ತುಂಬಿ ಬಾಜೂಕ ಹರೀತು,
ಕೆಳಗಿಂದು ಒಣಾ ಒಣಾ, ಹಾಸಿಗಿ ಹಸಿ.
ಆಕಿ ನಕ್ಕಳು. ನನಗೂ ನಗು ಬಂತು,
ನಕ್ಕರ ಮತ್ತ ಸೋರತೈತಿ, ಆದ್ರೂ ನಕ್ಕೆ.
ಆಮ್ಯಾಲ ಸಿಕ್ಕಿತು ತಳಾ ಇಲ್ಲದ್ದು:
ತನ್ನ ಪಾಲಿಂದು ಕುಡದು, ಉಳದದ್ದು ಕೆಳಗ ದಾಟಸೂವಂಥಾದ್ದು.

ನನ್ನ ಪ್ಯಾಂಟುಗೋಳನ್ನೆಲ್ಲಾ ನಾನ ಉಚ್ಚಿದೆ.
ಸೀಟಿಗೆ ಒಂದೂವರಿ ಇಂಚು, ಮುಂದ ಮುಕ್ಕಾಲು.
ಸರಪರ ಅನ್ನೂದಕ್ಕ ಮ್ಯಾಲೊಂದು ಹತ್ತಿ ಚಡ್ಡಿ,
ಉಳದ ಸಪ್ಪಳ ಮಷೀನು ನುಂಗತಿತ್ತು.

ಮೊನ್ನೆ ಢಾಲಾಯತ ಸಾಹೇಬ್ರು ಬಂದ್ರು,
ಹಳೇ ಪ್ರೆಸ್ಸಿನ್ಯಾಗ ಮೊಳಿ ಜೋಡಸತಿದ್ದವರು.
ಬೂದಿ ಬಣ್ಣದ ಬಟ್ಟಿ ಮೇಜಿನ ಮ್ಯಾಲ ಇಟ್ಟು
"ಸೀಟು ಒಂದೀಟು ಸಡ್ಲ ಇರಲಿ ಪಿಸೆ" ಅಂದ್ರು.
ಕರೆಂಟು ಹೋಗಿತ್ತು, ಮಷೀನು ಸುಮ್ಮನಿತ್ತು.
ಟೇಪು ಸುತ್ತಾಕ ಬಗ್ಗಿದೆ.
ಸರಪರ.
ನಂದಲ್ಲ.

ಎಷ್ಟು ಮಂದಿ ಹಿಂಗ ಕೇಳಿದ್ರು!
ಬಸ್ ಡಿಪೋದ ಡ್ರೈವರ್ ಒಬ್ಬಾಂವ,
ಮಮ್ಮಗನ ಮದುವಿಗೆ ಸಫಾರಿ ಹೊಲಿಸಿದ ಅಜ್ಜಾರು.
"ಫಿಟಿಂಗ್ ಕೆಡತೈತ್ರಿ, ಧೋತ್ರದಂಗ ಕಾಣತೈತಿ"
ಅಂತ ಬಾಯಿ ಮಾಡಿ, ಬಿಗಿನ ಹೊಲದ ಕೊಟ್ಟಿದ್ದೆ.
ಅಜ್ಜಾರು ತಿರುಗಿ ಬರಲಿಲ್ಲ.
ಬ್ಯಾರೆ ಟೇಲರ್ ಹಿಡದ್ರು ಅಂದಕೊಂಡಿದ್ದೆ.

ಬುಕ್ಕಿನ್ಯಾಗ ಬರದೆ: ನಡಾ ನಲವತ್ತು,
ಸೀಟು ನಲವತ್ತಮೂರು, ಪಕ್ಕಕ್ಕ ಒಂದು ಚುಕ್ಕಿ.
ಎದರಿಗೆ ನಿಂತವರು ತಲಿಕೆಳಗಿಂದನ ಓದಿದ್ರು,
ಉಲ್ಟಾ ಅಕ್ಷರಕ್ಕ ಪಳಗಿದ ಕಣ್ಣು.
"ಚುಕ್ಕಿ ಯಾಕ?"
"ಅಸ್ತರಕ್ರಿ."
"ಪ್ಯಾಂಟಿಗೆ ಅಸ್ತರ?"
ನಾ ಎದ್ದು ನಿಂತು, ಕಪಾಟಿನ ಕಡೆ ಎರಡು ಹೆಜ್ಜಿ ನಡದೆ.
ಅವರು ಕಿವಿ ಕೊಟ್ಟು ಕೇಳಿದ್ರು.
ಬಹಳ ಹೊತ್ತಿನ ಮ್ಯಾಲ "ಯಾವ ಸೈಜು?" ಅಂದ್ರು,
ಬೀಡಿ ಕೇಳಿದಷ್ಟು ಹಗೂರಕ.

ಟ್ರಯಲ್ ಶುಕ್ರವಾರ ಅಂದೆ, ನಮಾಜ್ ಮುಗದ ಮ್ಯಾಲ.
ಬರುವಾಗ... ಅಂತ ನಾ ತಡವರಿಸೂದ್ರಾಗ
ಮೆಟ್ಟಲಾ ಇಳೀತಾ ಅವರ ಅಂದ್ರು,
"ಹಾಕ್ಕೊಂಡ ಬರತೇನಿ ತಗೋ."